ಮಧುಮೇಹ: ಮಾತ್ರೆ ಬಿಡುವ ಮುನ್ನ ತಟ್ಟೆ ಬದಲಾಗಲಿ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದರೆ ಸಾಕು, ನಾಲ್ಕೂ ಕಡೆಯಿಂದ ಸಲಹೆಗಳು ಬರತೊಡಗುತ್ತವೆ. ಹಾಗಲಕಾಯಿ ರಸ ಕುಡಿಯಿರಿ ಎನ್ನುವವರು ಒಬ್ಬರು, ಮೆಂತ್ಯ ನೆನೆಸಿ ತಿನ್ನಿ ಎನ್ನುವವರು ಇನ್ನೊಬ್ಬರು. ಕರಿಜೀರಿಗೆ, ನೇರಳೆ ಬೀಜದ ಪುಡಿ, ಅಮೃತಬಳ್ಳಿ, ದಾಲ್ಚಿನ್ನಿ, ಜೇನು, ಹಿಜಾಮಾ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದರ ಜೊತೆಗೇ ಒಂದು ಮಾತೂ ಬರುತ್ತದೆ: "ಇಂಗ್ಲಿಷ್ ಮದ್ದು ಶುರು ಮಾಡಬೇಡಿ, ಕಿಡ್ನಿ ಹಾಳಾಗುತ್ತದೆ."

ಸಲಹೆ ಕೊಡುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಕೊನೆಯ ಮಾತು ಎಷ್ಟೋ ಮನೆಗಳಿಗೆ ದುಬಾರಿಯಾಗಿದೆ. ಏಕೆಂದರೆ ಮಧುಮೇಹ ಆರಂಭದಲ್ಲಿ ನೋವು ಕೊಡುವ ಕಾಯಿಲೆಯಲ್ಲ. ಮಾತ್ರೆ ಬಿಟ್ಟು ಕಷಾಯ ಕುಡಿಯತೊಡಗಿದ ವ್ಯಕ್ತಿಗೆ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ ಏನೂ ಆಗದೆ ಇರಬಹುದು. "ನನಗೆ ಗುಣವಾಯಿತು" ಎಂದು ಅವರು ಇತರರಿಗೂ ಹೇಳುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಏರಿದ ಸಕ್ಕರೆ ಕಣ್ಣಿನ, ಮೂತ್ರಪಿಂಡದ, ಪಾದದ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಸದ್ದಿಲ್ಲದೆ ಹಾಳು ಮಾಡುತ್ತಿರುತ್ತದೆ. ಕಿಡ್ನಿಯನ್ನು ಕೆಡಿಸುವುದು ಸಾಮಾನ್ಯವಾಗಿ ಮಾತ್ರೆಯಲ್ಲ, ಹತೋಟಿ ತಪ್ಪಿದ ಸಕ್ಕರೆ ಮತ್ತು ಅದರ ಜೊತೆಗಿರುವ ರಕ್ತದೊತ್ತಡ.

ಹಾಗಾದರೆ ಪ್ರಕೃತಿಯ ದಾರಿ ಇಲ್ಲವೇ? ಖಂಡಿತ ಇದೆ. ಆದರೆ ಅದು ಬಾಟಲಿಯಲ್ಲೋ ಪೊಟ್ಟಣದಲ್ಲೋ ಸಿಗುವಂಥದ್ದಲ್ಲ. ನಮ್ಮ ತಟ್ಟೆ, ನಮ್ಮ ಕಾಲು, ನಮ್ಮ ನಿದ್ದೆಯಲ್ಲಿ ಅದು ಇದೆ. ಅದನ್ನು ಔಷಧದ ಬದಲಿಗೆ ಅಲ್ಲ, ಔಷಧದ ಜೊತೆಗೆ ಹಿಡಿಯಬೇಕು. ಸಕ್ಕರೆ ಇಳಿದರೆ ಮಾತ್ರೆ ಕಡಿಮೆಯಾಗುತ್ತದೆ. ಕಡಿಮೆ ಮಾಡಬೇಕಾದವರು ಮಾತ್ರ ವೈದ್ಯರು.

ಸಕ್ಕರೆ ಏಕೆ ಏರುತ್ತದೆ?

ನಾವು ತಿಂದ ಅನ್ನ, ರೊಟ್ಟಿ, ಹಣ್ಣು ಎಲ್ಲವೂ ಹೊಟ್ಟೆಯಲ್ಲಿ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಅದನ್ನು ಜೀವಕೋಶಗಳ ಒಳಕ್ಕೆ ಕಳಿಸುವುದು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಕ್ರಮೇಣ ಅದರ ಪ್ರಮಾಣವೂ ಕುಗ್ಗುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು, ಯಕೃತ್ತಿನಲ್ಲಿ ಸೇರಿದ ಕೊಬ್ಬು, ಕುಳಿತೇ ಇರುವ ಬದುಕು, ವಂಶದ ಗುಣ ಇದಕ್ಕೆ ಮುಖ್ಯ ಕಾರಣಗಳು. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲಿಯೇ ಈ ಕಾಯಿಲೆ ಬರುತ್ತದೆ. ಆದ್ದರಿಂದ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟದಂತೆ ನೋಡಿಕೊಳ್ಳಬೇಕು.

ಟೈಪ್ 1 ಮಧುಮೇಹ ಬೇರೆಯೇ. ಹೆಚ್ಚಾಗಿ ಮಕ್ಕಳಲ್ಲಿ, ಯುವಕರಲ್ಲಿ ಕಾಣುವ ಇದರಲ್ಲಿ ಇನ್ಸುಲಿನ್ ಉತ್ಪಾದನೆ ಬಹುತೇಕ ನಿಂತೇ ಹೋಗಿರುತ್ತದೆ. ಇವರಿಗೆ ಇನ್ಸುಲಿನ್ ಚುಚ್ಚುಮದ್ದೇ ಉಸಿರು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಯಾವ ಎಲೆ, ಬೇರು, ಬೀಜವೂ ಇನ್ಸುಲಿನ್‌ಗೆ ಬದಲಿಯಲ್ಲ. ಮಗುವಿಗೆ ಟೈಪ್ 1 ಇದ್ದರೆ ಚುಚ್ಚುಮದ್ದು ನಿಲ್ಲಿಸಲು ಯಾರು ಹೇಳಿದರೂ ಕೇಳಬೇಡಿ.

ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಅಥವಾ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ನೀವು ಹೊಸ್ತಿಲಲ್ಲಿದ್ದೀರಿ. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ತಲುಪಿದರೆ ಅದು ಮಧುಮೇಹ.

ಮನೆಮದ್ದುಗಳಲ್ಲಿ ಎಷ್ಟು ಹುರುಳಿದೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಗಿಡಮೂಲಿಕೆ ಬೇರೆ, ಮಾತ್ರೆ ಬೇರೆ ಎಂದು ನಾವು ಗೆರೆ ಎಳೆಯುತ್ತೇವೆ. ಆದರೆ ಇಂದು ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್‌ನ ಕಥೆ ಆರಂಭವಾಗುವುದೇ ಗಲೇಗ ಎಂಬ ಯುರೋಪಿನ ಒಂದು ಗಿಡದಿಂದ. ಆ ಗಿಡದಲ್ಲಿದ್ದ ಅಂಶ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿಯೂ ಆಗಿತ್ತು. ಅದರ ಜಾಡು ಹಿಡಿದು ಸುರಕ್ಷಿತವಾದ ಔಷಧ ತಯಾರಿಸಿ, ಅಳತೆ ಗೊತ್ತುಮಾಡಿ, ಪರೀಕ್ಷಿಸಿ ರೋಗಿಗಳಿಗೆ ಕೊಟ್ಟರು. ಅಂದರೆ ಗಿಡದಿಂದ ಬಂದದ್ದೆಲ್ಲ ಸುರಕ್ಷಿತವಲ್ಲ, ಮಾತ್ರೆಯೆಲ್ಲ ವಿಷವೂ ಅಲ್ಲ.

ಮೆಂತ್ಯ: ಇದರ ನಾರು ಅಂಶ ಹೊಟ್ಟೆಯಲ್ಲಿ ಲೋಳೆಯಂತಾಗಿ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಪ್ರಯೋಜನ ಕಂಡಿದೆ. ಒಂದೆರಡು ಚಮಚ ನೆನೆಸಿ ತಿನ್ನಬಹುದು, ರೊಟ್ಟಿಯ ಹಿಟ್ಟಿಗೆ ಸೇರಿಸಬಹುದು. ಗರ್ಭಿಣಿಯರು ಮದ್ದಿನಂತೆ ಹೆಚ್ಚು ತಿನ್ನಬಾರದು.

ಹಾಗಲಕಾಯಿ: ಪಲ್ಯ ಮಾಡಿ ತಿನ್ನಲು ಒಳ್ಳೆಯ ತರಕಾರಿ. ಆದರೆ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ, ಇದನ್ನು ಮಧುಮೇಹದ ಮದ್ದು ಎನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಕರಿಜೀರಿಗೆ: ಇದರ ಬಗ್ಗೆ ಪ್ರವಾದಿವರ್ಯರ(ಸ) ಹದೀಸ್ ಇರುವುದರಿಂದ ನಮಗೆಲ್ಲ ವಿಶೇಷ ಪ್ರೀತಿ. ಸಣ್ಣ ಅಧ್ಯಯನಗಳಲ್ಲಿ ಸಕ್ಕರೆ ಮತ್ತು ಕೊಲೆಸ್ಟರಾಲ್ ಸ್ವಲ್ಪ ಇಳಿದದ್ದೂ ಉಂಟು. ಅಡುಗೆಯಲ್ಲಿ ಬಳಸಿ. ಆದರೆ ಅದೇ ಪ್ರವಾದಿ(ಸ) ಕಾಯಿಲೆಗೆ ಚಿಕಿತ್ಸೆ ಪಡೆಯುವಂತೆ ಹೇಳಿದ್ದರು. ಸಅದ್ ಬಿನ್ ಅಬೀವಕ್ಕಾಸ್(ರ) ಅಸ್ವಸ್ಥರಾದಾಗ ಹಾರಿಸ್ ಬಿನ್ ಕಲದ ಎಂಬ ವೈದ್ಯರ ಬಳಿಗೆ ಹೋಗಲು ಸೂಚಿಸಿದ ವರದಿ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಕರಿಜೀರಿಗೆಯ ಮೇಲೆ ನಂಬಿಕೆ ಇಟ್ಟವರು ವೈದ್ಯರನ್ನು ಬಿಡಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಮಾದರಿ ಬೇಕೇ?

ದಾಲ್ಚಿನ್ನಿ ಮತ್ತು ಅಮೃತಬಳ್ಳಿ: ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ತೊಗಟೆಯ ದಾಲ್ಚಿನ್ನಿಯಲ್ಲಿ ಕೂಮರಿನ್ ಎಂಬ ಅಂಶವಿದ್ದು, ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ತೊಂದರೆಯಾಗಬಹುದು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿಯೂ ಯಕೃತ್ತಿನ ಹಾನಿ ವರದಿಯಾಗಿದೆ.

ಇನ್ನು ಹೆಸರು, ವಿಳಾಸ, ಒಳಗೇನಿದೆ ಎಂಬ ವಿವರ ಯಾವುದೂ ಇಲ್ಲದ "ಶುಗರ್ ಪುಡಿ"ಗಳು. ಇಂಥ ಕೆಲವು ಉತ್ಪನ್ನಗಳಲ್ಲಿ ಸೀಸದಂಥ ಲೋಹ ಮಾತ್ರವಲ್ಲ, ಗುಟ್ಟಾಗಿ ಬೆರೆಸಿದ ಸಕ್ಕರೆ ಮಾತ್ರೆಯ ಪುಡಿಯೂ ಪತ್ತೆಯಾಗಿದೆ. ಪುಡಿ ತಿಂದ ವಾರದಲ್ಲಿಯೇ ಸಕ್ಕರೆ ದಿಢೀರನೆ ಇಳಿದರೆ ಸಂತೋಷಪಡುವುದಕ್ಕಿಂತ ಮೊದಲು ಸಂಶಯಪಡಿ.

ಜೇನು, ಖರ್ಜೂರ, ಬೆಲ್ಲ

ಜೇನಿನಲ್ಲಿ ಶಮನವಿದೆ ಎಂದು ಕುರ್‌ಆನಿನ ಅನ್ನಹ್ಲ್ ಅಧ್ಯಾಯ ತಿಳಿಸುತ್ತದೆ. ಆದರೆ ಅದನ್ನು ಎಷ್ಟು ಬೇಕಾದರೂ ಸುರಿದುಕೊಳ್ಳಿ ಎಂದು ಅದರ ಅರ್ಥವಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಅಂಶವಿದೆ. ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಅದರಲ್ಲಿ ನಾರು ಇರುವುದು ಒಳ್ಳೆಯದು, ಆದರೂ ಒಂದಕ್ಕೆ ನಿಲ್ಲಿಸಬೇಕು. ಸಕ್ಕರೆ ಬದಲು ಬೆಲ್ಲ ಹಾಕಿದ ಚಹಾ ಕುಡಿದು ನಿಶ್ಚಿಂತೆಯಿಂದ ಇರುವವರಿದ್ದಾರೆ. ರಕ್ತಕ್ಕೆ ಅವೆರಡರ ನಡುವೆ ದೊಡ್ಡ ವ್ಯತ್ಯಾಸವೇನೂ ತಿಳಿಯುವುದಿಲ್ಲ.

ಹಿಜಾಮಾ, ಬಿಸಿನೀರು, ಉಪವಾಸ ಚಿಕಿತ್ಸೆ

ಹಿಜಾಮಾ ಸುನ್ನತ್ ಎಂಬ ಭಾವನೆಯಿಂದ ಮಾಡಿಸಿಕೊಳ್ಳುವವರು ಬಹಳ. ಅದು ಮಧುಮೇಹವನ್ನು ಗುಣಪಡಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸಕ್ಕರೆ ಹೆಚ್ಚಿರುವವರ ಗಾಯ ಬೇಗ ಮಾಯುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಮಾಡಿಸಲೇಬೇಕೆಂದಿದ್ದರೆ ಸಕ್ಕರೆ ಹತೋಟಿಯಲ್ಲಿರಬೇಕು, ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಮತ್ತು ಕಪ್ ಬಳಸಬೇಕು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಬೇಕು. ಪಾದ ಮತ್ತು ಕಣಕಾಲಿಗೆ ಮಾತ್ರ ಬೇಡವೇ ಬೇಡ.

ಪ್ರಕೃತಿ ಚಿಕಿತ್ಸಾ ಕೇಂದ್ರಗಳಿಗೆ ಹೋಗಿ ಬಂದವರ ಸಕ್ಕರೆ ಇಳಿದಿರುವುದು ನಿಜ. ಅಲ್ಲಿ ಅಳತೆಯ ಊಟ, ತರಕಾರಿ, ನಡಿಗೆ, ಯೋಗಾಸನ, ಹೊತ್ತಿಗೆ ಸರಿಯಾಗಿ ನಿದ್ದೆ ಇರುತ್ತದೆ. ಕೆಲಸ ಮಾಡಿದ್ದು ಮುಖ್ಯವಾಗಿ ಅದೇ. ಮನೆಗೆ ಬಂದು ಹಳೆಯ ತಟ್ಟೆಗೆ ಕುಳಿತರೆ ಸಕ್ಕರೆಯೂ ಹಳೆಯ ಜಾಗಕ್ಕೆ ಬರುತ್ತದೆ. ಅಲ್ಲಿಗೆ ಹೋಗುವಾಗ ನೀವು ತೆಗೆದುಕೊಳ್ಳುವ ಔಷಧಗಳ ಚೀಟಿ ತೋರಿಸಿ. ಇನ್ಸುಲಿನ್ ಹಾಕಿಕೊಂಡು ಬರೀ ರಸದ ಮೇಲೆ ಇರುವುದು ಅಪಾಯ. ಪಾದದ ಸ್ಪರ್ಶ ಕಡಿಮೆಯಾಗಿರುವವರು ಬಿಸಿನೀರಿನಲ್ಲಿ ಕಾಲಿಟ್ಟು ಕೂರುವ ಚಿಕಿತ್ಸೆ ಮಾಡಿಸಬಾರದು. ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ತಟ್ಟೆಯೇ ಮೊದಲ ಚಿಕಿತ್ಸೆ

ಹೊಟ್ಟೆಯ ಮೂರರಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಾಟಕ್ಕೆ ಎಂಬ ಪ್ರವಾದಿ(ಸ) ಬೋಧನೆ ನಮಗೆಲ್ಲ ಗೊತ್ತು. ಮಧುಮೇಹದ ಊಟಕ್ಕೂ ಅದೇ ಅಡಿಪಾಯ. ತಟ್ಟೆಯನ್ನು ಕಣ್ಣಳತೆಯಲ್ಲಿ ಭಾಗ ಮಾಡಿ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಸೌತೆಕಾಯಿ. ಕಾಲು ಭಾಗ ಮೀನು, ಮೊಟ್ಟೆ, ಕೋಳಿ, ಬೇಳೆ ಅಥವಾ ಕಾಳು. ಉಳಿದ ಕಾಲು ಭಾಗ ಮಾತ್ರ ಅನ್ನ, ರೊಟ್ಟಿ, ಚಪಾತಿ ಅಥವಾ ಮುದ್ದೆ. ಆಲೂಗಡ್ಡೆ ಮತ್ತು ಗೆಣಸು ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ, ಅನ್ನದ ಲೆಕ್ಕಕ್ಕೆ ಬರುತ್ತವೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ತಟ್ಟೆ ಇದಕ್ಕೆ ತಿರುಗುಮುರುಗು. ಬಿರಿಯಾನಿ ಅಥವಾ ತುಪ್ಪದನ್ನ ರಾಶಿ, ಪಕ್ಕದಲ್ಲಿ ಎರಡು ಚೂರು ಈರುಳ್ಳಿ. ಬಿರಿಯಾನಿ ಬಿಡಬೇಕಿಲ್ಲ. ಮೊದಲು ಒಂದು ಬಟ್ಟಲು ಸೌತೆಕಾಯಿ, ಮೊಸರು ಸಲಾಡ್ ತಿನ್ನಿ, ನಂತರ ಮಾಂಸದ ತುಂಡು, ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ. ತರಕಾರಿ ಮತ್ತು ಮಾಂಸ ಮೊದಲು, ಅನ್ನ ಆಮೇಲೆ ತಿಂದಾಗ ಊಟದ ನಂತರದ ಸಕ್ಕರೆ ಅಷ್ಟು ಏರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಕರಾವಳಿಯವರು ಪತ್ತಿರ್ ನಾಲ್ಕರ ಬದಲು ಎರಡು ತಿಂದು ಮೀನು ಸಾರಿನ ಮೀನನ್ನು ಹೆಚ್ಚಿಸಿಕೊಳ್ಳಬಹುದು. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಕಾಳು ಪಲ್ಯ ಒಳ್ಳೆಯ ಜೋಡಿ. ಕುಚ್ಚಲಕ್ಕಿ ಬೆಳ್ತಿಗೆಗಿಂತ ವಾಸಿ, ಆದರೂ ಅದು ಅನ್ನವೇ. ರಾಗಿ ಒಳ್ಳೆಯದೆಂದು ನುಣ್ಣನೆ ಹಿಟ್ಟಿನ ಗಂಜಿ ಲೋಟ ತುಂಬ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಬೇಡ. ದಿನಕ್ಕೆ ಐದಾರು ಬಾರಿ ಸಿಹಿ ಚಹಾ ಕುಡಿಯುವವರು ಅದೊಂದನ್ನು ಸರಿಪಡಿಸಿದರೂ ದೊಡ್ಡ ಬದಲಾವಣೆ. ಸಕ್ಕರೆ ಇಲ್ಲದ ಸುಲೈಮಾನಿಗೆ ನಿಂಬೆ, ಏಲಕ್ಕಿ ಹಾಕಿದರೆ ಎರಡು ವಾರದಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ. ಕಾಯಿಲೆ ಇರುವವರಿಗೆ ಮಾತ್ರ ಬೇರೆ ಅಡುಗೆ ಮಾಡಬೇಡಿ. ಈ ತಟ್ಟೆ ಇಡೀ ಮನೆಗೆ ಒಳ್ಳೆಯದು. ತಂದೆ ತಾಯಿಗೆ ಮಧುಮೇಹವಿದ್ದರೆ ಮಕ್ಕಳಿಗೂ ಅಪಾಯ ಹೆಚ್ಚು ಎಂಬುದನ್ನು ಮರೆಯಬಾರದು.

ಊಟವಾದ ಮೇಲೆ ಹತ್ತು ನಿಮಿಷ

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಎಂಬುದು ವೈದ್ಯರ ಸಾಮಾನ್ಯ ಸಲಹೆ. ಅಷ್ಟು ಹೊತ್ತು ಎಲ್ಲಿದೆ ಎನ್ನುವವರು ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯಿರಿ. ನ್ಯೂಜಿಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಹೆಚ್ಚು ತಗ್ಗಿತ್ತು. ರಾತ್ರಿ ಊಟದ ನಂತರದ ನಡಿಗೆಯ ಲಾಭ ಎಲ್ಲಕ್ಕಿಂತ ಹೆಚ್ಚು. ಇಶಾ ನಮಾಝ್‌ಗೆ ಮಸೀದಿಗೆ ನಡೆದುಕೊಂಡೇ ಹೋಗುವವರು ಊಟವನ್ನು ಸ್ವಲ್ಪ ಮೊದಲು ಮುಗಿಸಿಕೊಂಡರೆ ಎರಡೂ ಒಟ್ಟಿಗೆ ಆಗುತ್ತದೆ.

ಹೊರಗೆ ನಡೆಯಲು ಅನುಕೂಲವಿಲ್ಲದ ಮಹಿಳೆಯರು ತಾರಸಿಯಲ್ಲಿ, ಅಂಗಳದಲ್ಲಿ, ಹಜಾರದಲ್ಲಿಯೇ ನಡೆಯಬಹುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ, ಅದು ತೊಡೆಯ ಸ್ನಾಯುವಿಗೆ ಕಸರತ್ತು. ರಕ್ತದ ಸಕ್ಕರೆಯನ್ನು ಹೆಚ್ಚು ಬಳಸಿಕೊಳ್ಳುವುದು ಸ್ನಾಯುಗಳೇ. ನಮಾಝ್ ದಿನಕ್ಕೆ ಐದು ಬಾರಿ ನಮ್ಮನ್ನು ಕುಳಿತಲ್ಲಿಂದ ಎಬ್ಬಿಸುತ್ತದೆ, ಅದೂ ಒಂದು ಅನುಗ್ರಹ. ಆದರೆ ನಮಾಝ್ ಮಾಡುತ್ತೇನೆ, ಮನೆಗೆಲಸ ಮಾಡುತ್ತೇನೆ, ವ್ಯಾಯಾಮ ಬೇಡ ಎನ್ನಬಾರದು. ಎದೆಬಡಿತ ಸ್ವಲ್ಪ ಏರುವಂಥ ನಡಿಗೆಯೂ ಬೇಕು. ಹೃದಯದ ತೊಂದರೆ, ಪಾದದಲ್ಲಿ ಹುಣ್ಣು ಇರುವವರು ಮೊದಲು ವೈದ್ಯರನ್ನು ಕೇಳಿ.

ಇದೆಲ್ಲ ಎಷ್ಟು ಫಲ ಕೊಡುತ್ತದೆ? ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ, ನಡಿಗೆ ಮತ್ತು ತೂಕ ಇಳಿಕೆಯಿಂದ ಮಧುಮೇಹ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್‌ನಿಂದ ತಗ್ಗಿದ್ದು ಶೇ. 31. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಇಂಥದ್ದೇ ಅಧ್ಯಯನದಲ್ಲಿ ಜೀವನಶೈಲಿಯಿಂದ ಶೇ. 28.5ರಷ್ಟು ತಗ್ಗಿತ್ತು. ಈಗಾಗಲೇ ಟೈಪ್ 2 ಬಂದು ಆರು ವರ್ಷ ದಾಟದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತ್ಯಂತ ಮಿತವಾದ ಆಹಾರ ಕ್ರಮ ಅನುಸರಿಸಿದ ಗುಂಪಿನ ಶೇ. 46 ಜನ ಒಂದು ವರ್ಷದ ನಂತರ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದರು. ಅದು ವೈದ್ಯಕೀಯ ನಿಗಾದಲ್ಲಿ ನಡೆದದ್ದು. ತೂಕ ಮರಳಿ ಬಂದರೆ ಸಕ್ಕರೆಯೂ ಮರಳಿ ಬರುತ್ತದೆ.

ನೀವೇ ಅಳೆದು ನೋಡಿ

ಯಾವ ಮದ್ದು, ಯಾವ ಊಟ ನಿಮಗೆ ಒಗ್ಗುತ್ತದೆ ಎಂದು ಪಕ್ಕದ ಮನೆಯವರಿಗಿಂತ ಚೆನ್ನಾಗಿ ಹೇಳುವುದು ಗ್ಲುಕೋಮೀಟರ್. ಒಂದು ದಿನ ಎಂದಿನಂತೆ ಉಪಾಹಾರ ತಿಂದು ಎರಡು ಗಂಟೆಯ ನಂತರ ಅಳೆಯಿರಿ. ಮರುದಿನ ಅದೇ ತಿಂಡಿಯನ್ನು ಅರ್ಧ ಮಾಡಿ, ಒಂದು ಮೊಟ್ಟೆ, ಸ್ವಲ್ಪ ತರಕಾರಿ ಸೇರಿಸಿ, ತಿಂದ ಮೇಲೆ ಹತ್ತು ನಿಮಿಷ ನಡೆದು ಮತ್ತೆ ಅಳೆಯಿರಿ. ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. "ಮಾತ್ರೆ ಕಡಿಮೆ ಮಾಡಿ" ಎಂದು ಕೇಳಲು ಅದಕ್ಕಿಂತ ಒಳ್ಳೆಯ ಶಿಫಾರಸು ಇಲ್ಲ.

ಎಚ್‌ಬಿಎ1ಸಿಯನ್ನು ಹತೋಟಿಗೆ ಬರುವವರೆಗೆ ಮೂರು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೊಮ್ಮೆ ನೋಡಿಸಿ. ಹೆಚ್ಚಿನವರಿಗೆ ಅದು 7ಕ್ಕಿಂತ ಕೆಳಗಿದ್ದರೆ ಸಾಕು. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಮೂತ್ರದಲ್ಲಿ ಅಲ್ಬುಮಿನ್, ಕೊಲೆಸ್ಟರಾಲ್, ಪಾದದ ಪರೀಕ್ಷೆ ತಪ್ಪಿಸಬೇಡಿ.

ಸಕ್ಕರೆ 70ಕ್ಕಿಂತ ಇಳಿದರೆ ಬೆವರು, ನಡುಕ, ಎದೆಬಡಿತ, ತಲೆ ಗೊಂದಲ ಕಾಣುತ್ತದೆ. ಕೂಡಲೇ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ವುಝೂ ಮಾಡುವಾಗ ಪಾದ ನೋಡಿ

ಮಧುಮೇಹಿಗಳು ದಿನವೂ ಪಾದ ಪರೀಕ್ಷಿಸಿಕೊಳ್ಳಬೇಕು ಎಂದು ವೈದ್ಯರು ಹೇಳುತ್ತಾರೆ. ವುಝೂ ಮಾಡುವ ನಮಗೆ ಆ ಅವಕಾಶ ಕೇಳದೆಯೇ ಸಿಕ್ಕಿದೆ. ಕಾಲು ತೊಳೆಯುವಾಗ ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ. ಬಿರುಕು, ಬೊಕ್ಕೆ, ಬಣ್ಣ ಬದಲಾದ ಜಾಗ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ. ಬೆರಳ ಸಂದಿನ ತೇವವನ್ನು ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಅಲ್ಲಿ ಫಂಗಸ್ ಬೆಳೆಯುತ್ತದೆ. ಚಳಿಗಾಲದಲ್ಲಿ ಬಿಸಿನೀರಿಗೆ ಕಾಲಿಡುವ ಮುನ್ನ ಮೊಣಕೈಯಿಂದ ಶಾಖ ನೋಡಿ. ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಅಜ್ಜ ಅಜ್ಜಿಗೆ ಬಗ್ಗಿ ನೋಡಲಾಗದಿದ್ದರೆ ಮೊಮ್ಮಕ್ಕಳು ನೋಡಲಿ. ಒಂದು ಸಣ್ಣ ಬೊಕ್ಕೆಯನ್ನು ಸಕಾಲದಲ್ಲಿ ಕಂಡ ಮಗು ಒಂದು ಕಾಲನ್ನೇ ಉಳಿಸಬಹುದು.

ರಮಝಾನಿಗೆ ಮುಂಚೆಯೇ ಸಿದ್ಧತೆ

ಉಪವಾಸ ಹಿಡಿಯಬಯಸುವವರು ರಮಝಾನಿಗೆ ಆರೆಂಟು ವಾರ ಮೊದಲೇ ವೈದ್ಯರನ್ನು ಕಾಣಿ. ಮಾತ್ರೆ, ಇನ್ಸುಲಿನ್‌ನ ಹೊತ್ತು ಮತ್ತು ಅಳತೆ ಬದಲಾಗಬೇಕಾಗುತ್ತದೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಳತೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ತೊರೆಯಬೇಕು, ಮಗ್‌ರಿಬ್‌ಗೆ ಇನ್ನು ಹತ್ತೇ ನಿಮಿಷ ಉಳಿದಿದ್ದರೂ ಸರಿ. ಸಹರಿ ಬಿಡಬೇಡಿ, ಅದನ್ನು ಆದಷ್ಟು ತಡವಾಗಿ ಮಾಡಿ. ಇಫ್ತಾರ್‌ಗೆ ಒಂದು ಖರ್ಜೂರ, ನೀರು ಸಾಕು. ಸಮೋಸ, ಶರಬತ್ತು, ಫಲೂದಾ ಸಾಲುಗಟ್ಟಿ ಬಂದರೆ ಹಗಲಿನ ಸಂಯಮವೆಲ್ಲ ಅರ್ಧ ಗಂಟೆಯಲ್ಲಿ ವ್ಯರ್ಥ.

ಉಪವಾಸವನ್ನು ಕಡ್ಡಾಯಗೊಳಿಸಿದ ಅಲ್‌ಬಕರ ಅಧ್ಯಾಯದಲ್ಲಿಯೇ ಅಲ್ಲಾಹನು ರೋಗಿಗಳಿಗೆ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಇನ್ಸುಲಿನ್ ಮೇಲಿರುವವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಮಧುಮೇಹವಿರುವ ಗರ್ಭಿಣಿಯರು ವೈದ್ಯರು ಬೇಡವೆಂದರೆ ಆ ವಿನಾಯಿತಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಲಿ. ಪರಿಹಾರದ ವಿಷಯವನ್ನು ನಿಮ್ಮ ಊರಿನ ಉಲಮಾರಲ್ಲಿ ಕೇಳಿ ತಿಳಿದುಕೊಳ್ಳಿ.

ಇಂದು ರಾತ್ರಿಯಿಂದಲೇ ಶುರು ಮಾಡಲು ಮೂರು ಕೆಲಸಗಳಿವೆ. ಅನ್ನದ ಬಟ್ಟಲನ್ನು ಅರ್ಧ ಮಾಡಿ ತರಕಾರಿಯನ್ನು ಇಮ್ಮಡಿ ಮಾಡಿ. ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ. ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮಾಡಿಸಿ. ನಮ್ಮ ಶರೀರ ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಅದನ್ನು ಕಾಪಾಡುವ ಪ್ರಯತ್ನ ನಮ್ಮದಾಗಲಿ, ಶಮನ ಕೊಡುವವನು ಅವನು.